ಬಿತ್ತುವ ಮುನ್ನ ಬೀಜೋಪಚಾರ: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಏಕದಳ ಧಾನ್ಯಗಳು

ಬೀಜವನ್ನು ಬಿತ್ತುವ ಮೊದಲು ನೀರು, ಲವಣದ ದ್ರಾವಣ, ಔಷಧಿ ಅಥವಾ ಉಪಕಾರಿ ಜೀವಾಣುಗಳಿಂದ ಸಂಸ್ಕರಿಸುವುದಕ್ಕೆ ಬೀಜೋಪಚಾರವೆಂದು ಹೆಸರು. ಹೀಗೆ ಸಂಸ್ಕರಿಸಿದ ಬೀಜದಿಂದ ಹುಟ್ಟಿದ ಪೈರು ಬರ, ಚೌಳು, ರೋಗ, ಕೀಟ ಇವುಗಳ ಮೊದಲ ಹೊಡೆತವನ್ನು ತಾಳಿಕೊಳ್ಳಲಿ ಎಂಬುದು ಉದ್ದೇಶ. ಇಲ್ಲಿ ‘ಮೊದಲ’ ಎಂಬ ಮಾತಿಗೆ ಒತ್ತು ಕೊಡಬೇಕು. ಬೀಜೋಪಚಾರದ ಬಲವೆಲ್ಲ ಬಿತ್ತಿದ ಮೊದಲ ಮೂರು ನಾಲ್ಕು ವಾರಗಳದು. ತೆನೆ ಹಾಲುಗಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೀಜಕ್ಕೆ ಏನು ಮಾಡಿದ್ದರೂ ಆಗುವ ಲಾಭ ಸ್ವಲ್ಪವೇ. ಹಾಗಿದ್ದೂ ಒಣಬೇಸಾಯದ ಸೀಮೆಗಳಲ್ಲಿ ಈ ಕ್ರಮಕ್ಕೆ ಬೆಲೆಯುಂಟು, ಏಕೆಂದರೆ ಅಲ್ಲಿ ಎಷ್ಟೋ ಹೊಲಗಳು ಕೆಡುವುದು ಪೈರು ಮೇಲೇಳುವ ಮೊದಲೇ.

ಸೀಮೆ

ಕೃಷ್ಣೆಯೂ ಭೀಮೆಯೂ ಕೂಡುವ ತಂಗಡಿಯ ಬಳಿ ಕೃಷ್ಣಾ ನದಿ ತೆಲಂಗಾಣವನ್ನು ಹೊಗುತ್ತದೆ. ನದಿಯ ಎಡದಂಡೆಯಲ್ಲಿ ಮಕ್ತಲ್ ಮತ್ತು ನಾರಾಯಣಪೇಟೆ, ಕೆಳಗಡೆ ಕೃಷ್ಣಾ-ತುಂಗಭದ್ರೆಯರ ನಡುವಿನ ನೆಲದಲ್ಲಿ ಗದ್ವಾಲ್. ಮೂರೂ ಹಳೆಯ ಹೈದರಾಬಾದ್ ಸಂಸ್ಥಾನದ ಊರುಗಳು. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮಹಬೂಬನಗರ ಜಿಲ್ಲೆಗೆ ಹೋದವು. ಜೋಗುಳಾಂಬ ಗದ್ವಾಲ್ 2016ರ ಅಕ್ಟೋಬರಿನಲ್ಲಿ, ನಾರಾಯಣಪೇಟೆ 2019ರ ಫೆಬ್ರವರಿಯಲ್ಲಿ ಬೇರೆ ಜಿಲ್ಲೆಗಳಾದವು. ಕೃಷ್ಣಾ, ಮಾಗನೂರು, ಮಕ್ತಲ್ ಕಡೆಯ ಹಳ್ಳಿಗಳಲ್ಲಿ ಮನೆಯಲ್ಲಿ ಕನ್ನಡವಾಡುವ ರೈತರು ಇಂದಿಗೂ ಬಹಳ ಮಂದಿ. ಹೊರಗಿನವರಿಗೆ ನಾರಾಯಣಪೇಟೆ ಮತ್ತು ಗದ್ವಾಲ್ ಎಂದರೆ ಸೀರೆ. ಒಳಗಿನವರಿಗೆ ಅವು ಮಳೆನೆರಳಿನ ಊರುಗಳು. ‘ಪಾಲಮೂರು ಕೂಲಿ’ ಎಂಬ ಮಾತು ದೇಶದ ಕಟ್ಟಡ, ಕಾಲುವೆ ಕೆಲಸಗಳಲ್ಲೆಲ್ಲ ಹಬ್ಬಿದ್ದು ಪಾಲಮೂರು ಎಂದೂ ಕರೆಯುವ ಈ ಮಹಬೂಬನಗರ ಸೀಮೆಯ ಬರದಿಂದಲೇ.

ನೆಲ ಮುಖ್ಯವಾಗಿ ಎರಡು ಬಗೆ. ನದಿಯ ಮಗ್ಗುಲಲ್ಲಿ ಎರೆ, ಒಳಗೆ ಹೋದಂತೆ ಕೆಂಪು ಮಸಾರಿ. ಮಸಾರಿಯನ್ನು ತೆಲುಗರು ಚಲ್ಕ ಎನ್ನುತ್ತಾರೆ. ಬೀಜಕ್ಕೆ ಎದುರಾಗುವ ಸಂಕಟ ಎರಡರಲ್ಲೂ ಒಂದೇ ಅಲ್ಲ. ಎರೆ ಹೊಲದಲ್ಲಿ ಹಿಂಗಾರಿ ಜೋಳವನ್ನು ಉತ್ತರಿಯಿಂದ ಚಿತ್ತಿ ಮಳೆಯವರೆಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯೊಳಗೆ ಬಿತ್ತುತ್ತಾರೆ. ಆಗ ಮಳೆ ಹಿಂದೆಗೆಯುತ್ತಿರುತ್ತದೆ, ಮೇಲ್ಮಣ್ಣಿನ ಹಸಿ ದಿನದಿನಕ್ಕೆ ಕೆಳಗಿಳಿಯುತ್ತದೆ. ಬೀಜ ಒಂದೆರಡು ದಿನ ತಡಮಾಡಿದರೆ ಬೇರು ಹಸಿಯನ್ನು ಮುಟ್ಟುವ ಮೊದಲೇ ಸುತ್ತಲಿನ ಮಣ್ಣು ಒಣಗಿರುತ್ತದೆ. ಮಸಾರಿಯಲ್ಲಿ ಕಥೆ ಬೇರೆ. ಮುಂಗಾರಿನ ಬಿರುಮಳೆ ಹೊಡೆದು ಮರುದಿನ ಬಿಸಿಲು ಬಿದ್ದರೆ ಮೇಲ್ಪದರ ಹೆಪ್ಪುಗಟ್ಟಿ, ಎಳೆ ಮೊಳಕೆ ಅದನ್ನು ಒಡೆದು ಬರಲಾರದೆ ಒಳಗೇ ಮುರುಟುತ್ತದೆ. ಮೂರನೆಯ ಸಂಕಟ ಹೊಸದು. ಜೂರಾಲ ಯೋಜನೆ, ತುಂಗಭದ್ರೆಯ ರಾಜೋಳಿಬಂಡ ತಿರುವು ಕಾಲುವೆ, ಭೀಮಾ ಮತ್ತು ನೆಟ್ಟೆಂಪಾಡು ಏತ ನೀರಾವರಿಗಳಿಂದ ಭತ್ತ ಬಂದ ಕಡೆ ಬಸಿಯದ ತಗ್ಗಿನ ಎರೆಯಲ್ಲಿ ಚೌಳು ಕಾಣಿಸಿಕೊಳ್ಳುವ ಅಪಾಯವಿದೆ. ಚೌಳು ಎಳೆ ಪೈರನ್ನು ಕಾಡುವಷ್ಟು ಬಲಿತ ಪೈರನ್ನು ಕಾಡದು.

ಬೀಜದೊಳಗೆ ನಡೆಯುವುದು

ಒಣಬೀಜ ನೀರು ಕುಡಿಯುವುದು ಮೂರು ಹಂತಗಳಲ್ಲಿ. ಮೊದಲ ಕೆಲವು ಗಂಟೆಗಳಲ್ಲಿ ಅದು ಬಿರುಸಾಗಿ ಹೀರುತ್ತದೆ. ಇದಕ್ಕೆ ಜೀವ ಬೇಕಿಲ್ಲ, ಸತ್ತ ಬೀಜವೂ ಹೀರುತ್ತದೆ. ಎರಡನೆಯ ಹಂತದಲ್ಲಿ ಹೀರುವುದು ನಿಂತಂತೆ ಕಂಡರೂ ಒಳಗಿನ ಕೆಲಸವೆಲ್ಲ ಶುರುವಾಗಿರುತ್ತದೆ. ಕೂಡಿಟ್ಟ ಕಾಲದಲ್ಲಿ ಕೆಟ್ಟ ಡಿಎನ್‌ಎ ರಿಪೇರಿಯಾಗುತ್ತದೆ, ಉಸಿರಾಟ ಚುರುಕಾಗುತ್ತದೆ, ಪಿಷ್ಟವನ್ನು ಸಕ್ಕರೆಯಾಗಿಸುವ ಅಮೈಲೇಸ್ ಕಿಣ್ವ ಸಿದ್ಧವಾಗತೊಡಗುತ್ತದೆ. ಮೂರನೆಯ ಹಂತದಲ್ಲಿ ಬೇರಿನ ತುದಿ ಹೊಟ್ಟೊಡೆದು ಹೊರಬರುತ್ತದೆ. ಎರಡನೆಯ ಹಂತ ಮುಗಿಯುವ ಮೊದಲೇ ಬೀಜವನ್ನು ನೀರಿನಿಂದ ತೆಗೆದು ಒಣಗಿಸಿದರೆ ಅದು ಸಾಯುವುದಿಲ್ಲ. ಮಾಡಿ ಮುಗಿಸಿದ ಕೆಲಸದ ಬಹುಪಾಲನ್ನು ಉಳಿಸಿಕೊಂಡೇ ಒಣಗುತ್ತದೆ, ಮತ್ತೆ ಹಸಿ ಸಿಕ್ಕಾಗ ಅಲ್ಲಿಂದ ಮುಂದುವರಿಯುತ್ತದೆ. ಬೇರು ಹೊರಬಂದ ಮೇಲೆ ಒಣಗಿಸಿದರೆ ಮಾತ್ರ ಉಳಿಗಾಲವಿಲ್ಲ. ನೆನೆಸುವ ವಿಧಾನಗಳಲ್ಲೆಲ್ಲ ಗಂಟೆಗಳ ಲೆಕ್ಕ ಅಷ್ಟು ಕಟ್ಟುನಿಟ್ಟಾಗಿರುವುದು ಇದಕ್ಕೇ.

ನೀರಿಗೆ ಲವಣ ಸೇರಿಸಿದರೆ ಹೀರುವ ವೇಗ ತಗ್ಗುತ್ತದೆ. ಜೊತೆಗೆ ಆ ಲವಣದ ಗುಣವೂ ಬೀಜಕ್ಕೆ ಬರುತ್ತದೆ. ಕ್ಯಾಲ್ಸಿಯಂ ಜೀವಕೋಶದ ಪೊರೆಯನ್ನು ಬಿಗಿಯಾಗಿಡುತ್ತದೆ, ಪೊಟ್ಯಾಸಿಯಂ ನೀರಿನ ಹಿಡಿತಕ್ಕೆ ನೆರವಾಗುತ್ತದೆ, ಸತು ಅನೇಕ ಕಿಣ್ವಗಳಿಗೆ ಬೇಕಾದ ಧಾತು. ಒಮ್ಮೆ ನೆನೆದು ಒಣಗಿದ ಬೀಜದ ಪೈರಿನಲ್ಲಿ ಪ್ರೋಲಿನ್‌ನಂತಹ ರಕ್ಷಕ ವಸ್ತುಗಳೂ ಉತ್ಕರ್ಷಣ ತಡೆಯುವ ಕಿಣ್ವಗಳೂ ಹೆಚ್ಚಾಗಿರುವುದನ್ನು ಅನೇಕ ಪ್ರಯೋಗಗಳು ತೋರಿಸಿವೆ. ಬೀಜ ಮೊದಲ ಬರವನ್ನು ‘ನೆನಪಿಟ್ಟುಕೊಳ್ಳುತ್ತದೆ’ ಎಂದು ಕೆಲವರು ಬರೆಯುವುದುಂಟು. ರೈತನ ಮಟ್ಟಿಗೆ ಕಣ್ಣಿಗೆ ಕಾಣುವ ಫಲ ಇದಕ್ಕಿಂತ ಸರಳ: ಪೈರು ಬೇಗ ಏಳುತ್ತದೆ, ಎಲ್ಲ ಸಾಲುಗಳಲ್ಲೂ ಒಟ್ಟಿಗೆ ಏಳುತ್ತದೆ.

ಹಿನ್ನೆಲೆ

ಕೌಟಿಲ್ಯನ ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣದಲ್ಲಿ ಧಾನ್ಯದ ಬೀಜಗಳನ್ನು ಏಳು ರಾತ್ರಿ ಮಂಜಿಗೆ ಒಡ್ಡಿ, ಹಗಲು ಬಿಸಿಲಲ್ಲಿ ಒಣಗಿಸಬೇಕೆಂದು ಹೇಳಿದೆ. ನೆನೆಸುವುದು-ಒಣಗಿಸುವುದು ಎಂಬ ಇಂದಿನ ಸೂತ್ರಕ್ಕೆ ಇಷ್ಟು ಹತ್ತಿರದ ಹಳೆಯ ಮಾತು ಬೇರೆಲ್ಲೂ ಸಿಗುವುದು ಕಷ್ಟ. ವರಾಹಮಿಹಿರನ ಬೃಹತ್ಸಂಹಿತೆ ಬೀಜವನ್ನು ಹಾಲಿನಲ್ಲಿ ನೆನೆಸಿ, ತುಪ್ಪದ ಕೈಯಿಂದ ಸವರಿ, ಸೆಗಣಿಯಲ್ಲಿ ಹೊರಳಿಸಲು ಹೇಳುತ್ತದೆ. ಇದು ಅರಮನೆಯ ತೋಟಕ್ಕೆ ಒಪ್ಪೀತು, ಹತ್ತು ಎಕರೆ ಜೋಳಕ್ಕಲ್ಲ. ಕನ್ನಡದಲ್ಲಿ ಚಾವುಂಡರಾಯನ ‘ಲೋಕೋಪಕಾರ’ ಕಲ್ಯಾಣದ ಚಾಲುಕ್ಯ ಅರಸ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ ರಚಿತವಾಯಿತು. ಅದರಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲು. ಈ ಲೇಖನದ ಸೀಮೆ ಆ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ನೆಲವೇ.

ಯೂರೋಪಿನಲ್ಲಿ ಬೀಜೋಪಚಾರ ರೂಢಿಗೆ ಬಂದದ್ದು ಗೋಧಿಯ ಕಾಡಿಗೆ ರೋಗದ ಕಾರಣದಿಂದ. ಬ್ರಿಸ್ಟಲ್ ಬಳಿ ಮುಳುಗಿದ ಹಡಗಿನ ಗೋಧಿಯನ್ನು ಕಡಲಿಂದ ಎತ್ತಿ ಬಿತ್ತಿದಾಗ ಆ ಬೆಳೆಗೆ ಕಾಡಿಗೆ ತಗಲಲಿಲ್ಲ ಎಂಬ ಪ್ರಸಂಗವನ್ನು ಜೆತ್ರೋ ಟಲ್ 18ನೆಯ ಶತಮಾನದಲ್ಲಿ ದಾಖಲಿಸಿದ್ದಾನೆ. 1807ರಲ್ಲಿ ಬೆನೆಡಿಕ್ಟ್ ಪ್ರೆವೋ ಈ ರೋಗಕ್ಕೆ ಶಿಲೀಂಧ್ರವೇ ಕಾರಣವೆಂದೂ ಮೈಲುತುತ್ತ ಅದನ್ನು ತಡೆಯುತ್ತದೆಂದೂ ತೋರಿಸಿದ. ಬರದ ದೃಷ್ಟಿಯಿಂದ ಬೀಜವನ್ನು ನೆನೆಸಿ ಒಣಗಿಸಿ ‘ಗಟ್ಟಿಗೊಳಿಸುವ’ ಪ್ರಯೋಗಗಳನ್ನು 20ನೆಯ ಶತಮಾನದಲ್ಲಿ ಸೋವಿಯತ್ ವಿಜ್ಞಾನಿ ಗೆಂಕೆಲ್ ಬೆಳೆಸಿದ. 1970ರ ದಶಕದಲ್ಲಿ ಇಂಗ್ಲೆಂಡಿನ ಹೈಡೆಕರ್ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಬಳಸಿ ಇದನ್ನು ಪ್ರಯೋಗಾಲಯದ ಶಾಸ್ತ್ರವಾಗಿಸಿದ. ಅದೇ ಶಾಸ್ತ್ರವನ್ನು ಮತ್ತೆ ಹೊಲಕ್ಕಿಳಿಸಿದ ಕೀರ್ತಿ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದ ಡೇವಿಡ್ ಹ್ಯಾರಿಸ್ ಮತ್ತು ಸಂಗಡಿಗರದು. 1990ರ ದಶಕದಲ್ಲಿ ಅವರು ಪಶ್ಚಿಮ ಭಾರತದ ಆದಿವಾಸಿ ರೈತರ ಹೊಲಗಳಲ್ಲಿ ಮುಸುಕಿನ ಜೋಳ, ಭತ್ತ, ಕಡಲೆಗಳನ್ನು ರಾತ್ರಿ ನೆನೆಸಿ, ಮೇಲ್ಮೈ ಆರಿಸಿ, ಬೆಳಗ್ಗೆ ಬಿತ್ತಿಸಿದರು. ತಮ್ಮ ಹೊಲದಲ್ಲಿ ಅರ್ಧ ಹೀಗೆ, ಅರ್ಧ ಹಾಗೆ ಬಿತ್ತಿ ಹೋಲಿಸಿ ತೀರ್ಪು ಹೇಳಿದವರು ರೈತರೇ.

ಈ ಸೀಮೆಗೆ ನೇರವಾಗಿ ಸಂಬಂಧಿಸಿದ ಸಂಶೋಧನೆ ಅದಕ್ಕೂ ಹಳೆಯದು. 1930ರ ದಶಕದಲ್ಲಿ ಅಂದಿನ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿ ಒಣಬೇಸಾಯದ ಅಧ್ಯಯನಕ್ಕೆ ಆರಿಸಿಕೊಂಡ ಐದು ತಾಣಗಳು ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಗದ್ವಾಲ್ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತಾದ್ದರಿಂದ ಆ ಕೇಂದ್ರದ ಕೆಲಸ ಈ ನೆಲದ್ದೂ ಆಗಿತ್ತು. ಬದು, ಆಳದ ಉಳುಮೆ, ಅಗಲ ಸಾಲು, ಕಡಿಮೆ ಬೀಜ ಎಂಬ ಆ ಕಾಲದ ಶಿಫಾರಸುಗಳಿಗೆ ಬೀಜ ಗಟ್ಟಿಗೊಳಿಸುವ ವಿಧಾನ ಆಮೇಲೆ ಸೇರಿಕೊಂಡಿತು. ಇಂದು ನದಿಯ ಆಚೆ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಈಚೆ ಪಾಲೆಂನಲ್ಲಿ ಜಯಶಂಕರ್ ತೆಲಂಗಾಣ ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರ, ಹೈದರಾಬಾದಿನಲ್ಲಿ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, 1972ರಿಂದ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್. ಜೋಳ-ಸಜ್ಜೆಯ ಬಗ್ಗೆ ದೇಶದಲ್ಲಿ ನಡೆದ ಕೆಲಸದ ದೊಡ್ಡ ಪಾಲು ಈ ಸೀಮೆಯಿಂದ ಒಂದು ದಿನದ ಪ್ರಯಾಣದೊಳಗಿದೆ. ಅದರಲ್ಲಿ ಹೊಲಕ್ಕೆ ಇಳಿದದ್ದೆಷ್ಟು ಎಂಬುದು ಬೇರೆ ಮಾತು.

ಜೋಳ

ಇಲ್ಲಿನ ಹಿಂಗಾರಿ ಜೋಳದಲ್ಲಿ ಹೆಚ್ಚು ಹೆಸರಾದುದು ಮಾಲದಂಡಿ, ಸಂಶೋಧಕರ ಪಟ್ಟಿಯಲ್ಲಿ ಎಂ 35-1. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದ ತಳಿ ಇದು. ರೊಟ್ಟಿಗೂ ಸೊಪ್ಪಿಗೂ ಇದನ್ನು ಮೀರಿಸಿದ್ದು ಬಂದಿಲ್ಲವೆನ್ನುವವರು ಹಲವರು. ಸಂಕರಣವಲ್ಲದ ತಳಿಯಾದ್ದರಿಂದ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ನೆನೆಸುವ ಉಪಚಾರ ಹೊಂದುವುದು ಇಂಥ ಮನೆಬೀಜಕ್ಕೇ.

ಉತ್ತರ ಕರ್ನಾಟಕದ ಹಿಂಗಾರಿ ಜೋಳಕ್ಕೆ ಹೇಳುವ ಕ್ರಮ ಹೀಗೆ: ಲೀಟರು ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದರೆ ಶೇಕಡ 2ರ ದ್ರಾವಣ. ಬೀಜ ಮುಳುಗುವಷ್ಟು ದ್ರಾವಣದಲ್ಲಿ ಸುಮಾರು 8 ಗಂಟೆ ನೆನೆಸಿ, ಬಸಿದು, ನೆರಳಿನಲ್ಲಿ ಹರಡಿ ಮೊದಲಿನ ಒಣತನಕ್ಕೆ ತರಬೇಕು. ಎಕರೆಗೆ ಬೇಕಾಗುವುದು ಮೂರು ಕಿಲೋ ಬೀಜವಷ್ಟೆ, ಒಂದು ಬಕೆಟ್ಟಿನ ಕೆಲಸ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಜೋಳಕ್ಕೆ ಶೇಕಡ 2ರ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟಿನಲ್ಲಿ 6 ಗಂಟೆ, ಸಜ್ಜೆಗೆ ಶೇಕಡ 2ರ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ 16 ಗಂಟೆ ಎನ್ನುತ್ತದೆ. ಲವಣ ಸಿಗದಿದ್ದರೆ ಬರೀ ನೀರೂ ನಡೆಯುತ್ತದೆ. ಲವಣದಿಂದ ಸಿಗುವ ಹೆಚ್ಚುವರಿ ಲಾಭಕ್ಕಿಂತ ನೆನೆಸುವುದರಿಂದಲೇ ಸಿಗುವ ಲಾಭ ದೊಡ್ಡದು ಎಂಬುದು ಹ್ಯಾರಿಸ್ ಮಾದರಿಯ ಹೊಲ ಪ್ರಯೋಗಗಳನ್ನು ನೋಡಿದವರಿಗೆ ಅನಿಸದಿರದು. ಸಾವಿರಾರು ರೂಪಾಯಿಯ ಒಳಸುರಿಗಳನ್ನು ರೈತನ ಮನೆಬಾಗಿಲಿಗೆ ಹೊತ್ತುತರುವವರಿದ್ದಾರೆ. ನೀರಿನಲ್ಲಿ ನೆನೆಸಿರೆಂದು ಹೇಳಲು ಬರುವ ಏಜೆಂಟರಿಲ್ಲ, ಅದರಲ್ಲಿ ಯಾರಿಗೂ ಕಮಿಷನ್ ಇಲ್ಲ.

ಜೋಳದ ಕಾಡಿಗೆಗೆ ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಹಳೆಯ, ಅಗ್ಗದ ಮದ್ದು. ಈ ರೋಗದ ಬೀಜಕಣ ಕಾಳಿನ ಹೊರಮೈಗೆ ಅಂಟಿಕೊಂಡು ಬರುವುದರಿಂದ ಗಂಧಕಕ್ಕೆ ಸುಲಭವಾಗಿ ಸಿಗುತ್ತದೆ. ಸುಳಿನೊಣದ ಕಾಟ ಮೊದಲ ತಿಂಗಳಲ್ಲೇ. ಹುಳು ಸುಳಿ ಕತ್ತರಿಸಿ ನಡುವಿನ ಎಲೆ ಒಣಗುತ್ತದೆ. ತಡವಾಗಿ ಬಿತ್ತಿದ ಮುಂಗಾರಿ ಜೋಳಕ್ಕೆ ಕಾಟ ಜೋರು. ಇಮಿಡಾಕ್ಲೋಪ್ರಿಡ್ ಅಥವಾ ಥಯಾಮೆಥಾಕ್ಸಾಮ್ ಲೇಪ ಇದಕ್ಕೆ ಒಳ್ಳೆಯ ತಡೆ. ಪೈರು ಬೇಗ ಎದ್ದು ಬಲಿತಷ್ಟೂ ಸುಳಿನೊಣ ಕಡಿಮೆ ಎಂಬುದನ್ನೂ ಮರೆಯಬಾರದು.

ಸಜ್ಜೆ, ರಾಗಿ, ಭತ್ತ

ಸಜ್ಜೆಯ ದೊಡ್ಡ ವೈರಿ ಬೂಜು ರೋಗ. 1965ರಲ್ಲಿ ಬಿಡುಗಡೆಯಾದ ಮೊದಲ ಸಂಕರಣ ಎಚ್‌ಬಿ-1 ಇಳುವರಿಯನ್ನು ಎತ್ತಿತು, 1970ರ ದಶಕದ ಮೊದಲಲ್ಲಿ ಬೂಜು ಅದನ್ನು ನೆಲಕ್ಕೆ ತಂದಿತು. ಕಿಲೋ ಬೀಜಕ್ಕೆ 6 ಗ್ರಾಂ ಮೆಟಲಾಕ್ಸಿಲ್ ಲೇಪಿಸುವ ರೂಢಿ ಬಂದದ್ದು ಆಮೇಲೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಚ್. ಶೇಖರ ಶೆಟ್ಟಿ ಮತ್ತು ಅವರ ಶಿಷ್ಯರು ಇನ್ನೊಂದು ದಾರಿ ಹಿಡಿದರು. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ, ಸಿಗಡಿ-ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನ್ ಮುಂತಾದವುಗಳಲ್ಲಿ ಸಜ್ಜೆ ಬೀಜವನ್ನು ನೆನೆಸಿದರೆ ಪೈರಿನ ಸ್ವಂತ ರೋಗನಿರೋಧ ಶಕ್ತಿಯೇ ಎಚ್ಚರಗೊಂಡು ಬೂಜನ್ನು ತಡೆಯುತ್ತದೆಂದು ತೋರಿಸಿದರು. ವಿಷ ಕೊಲ್ಲುವುದು ರೋಗಾಣುವನ್ನು. ಈ ಬಗೆಯ ಉಪಚಾರ ಸಿದ್ಧಗೊಳಿಸುವುದು ಗಿಡವನ್ನು. ಕನ್ನಡನಾಡಿನಲ್ಲಿ ಬೀಜೋಪಚಾರದ ಬಗ್ಗೆ ನಡೆದ ಕೆಲಸಗಳಲ್ಲಿ ಹೊರದೇಶಗಳವರು ಹೆಚ್ಚು ಗಮನಿಸಿದ್ದು ಬಹುಶಃ ಇದನ್ನೇ.

ರಾಗಿ ಈ ಸೀಮೆಯ ಮುಖ್ಯ ಬೆಳೆಯಲ್ಲ, ಆದರೂ ಅದಕ್ಕೆ ಹೇಳಿರುವ ವಿಧಾನ ಸೊಗಸಾಗಿದೆ. ಕಿಲೋ ಬೀಜಕ್ಕೆ ಒಂದು ಲೀಟರು ನೀರು, 6 ಗಂಟೆ ನೆನೆ, ಬಸಿದು ಒದ್ದೆ ಬಟ್ಟೆಯಲ್ಲಿ ಎರಡು ದಿನ ಬಿಗಿದು ಕಟ್ಟಿ, ಮೊಳಕೆಯ ಸುಳಿವು ಕಂಡೊಡನೆ ಬಿಚ್ಚಿ ನೆರಳಲ್ಲಿ ಎರಡು ದಿನ ಒಣಗಿಸುವುದು. ನವಣೆಗೂ ಸಣ್ಣ ಪ್ರಮಾಣದಲ್ಲಿ ನೆನೆಸುವಿಕೆಯನ್ನು ಪ್ರಯತ್ನಿಸಬಹುದು.

ಭತ್ತದಲ್ಲಿ ನೆನೆಸಿ ಮೊಳಕೆ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಅದಕ್ಕೂ ಮೊದಲು ಉಪ್ಪುನೀರಿನಲ್ಲಿ ಜೊಳ್ಳು ತೆಗೆಯಬೇಕು. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿ ಬೀಜ ಸುರಿದು, ತೇಲಿದ್ದನ್ನು ತೆಗೆದುಹಾಕಿ, ಮುಳುಗಿದ್ದನ್ನು ಸಿಹಿನೀರಲ್ಲಿ ಎರಡು ಮೂರು ಸಲ ತೊಳೆಯುವುದು. ಜಪಾನಿನಲ್ಲಿ ಯೊಕೊಯಿ ಟೊಕಿಯೊಶಿ 1882ರಲ್ಲಿ ಈ ಪದ್ಧತಿಯನ್ನು ರೂಪಿಸಿದ. ಆ ದೇಶದ ಭತ್ತದ ಇಳುವರಿ ಏರಿದ್ದಕ್ಕೆ ಇಂಥ ಸಣ್ಣ ಕ್ರಮಗಳೂ ಕಾರಣ. ಕೆಸರುಮಡಿಗೆ ಲೀಟರು ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ ಒಂದು ಹಗಲು ಒಂದು ರಾತ್ರಿ ನೆನೆಸಿ, ಅಷ್ಟೇ ಹೊತ್ತು ಕಟ್ಟಿಡುವುದು, ಒಣಮಡಿಗೆ ಕಿಲೋಗೆ 3 ಗ್ರಾಂ ಪುಡಿ ಬೆರೆಸುವುದು ರೂಢಿ. ಕೂರಿಗೆಯಿಂದ ನೇರ ಬಿತ್ತುವ ಭತ್ತಕ್ಕೆ ನೆನೆಸಿ ಒಣಗಿಸುವ ಕ್ರಮ ಹೆಚ್ಚು ಉಪಯೋಗಿ, ಕಳೆಯೊಡನೆ ಸ್ಪರ್ಧೆ ಅಲ್ಲಿ ಮೊದಲ ದಿನದಿಂದಲೇ. ಚೌಳು ನೆಲದಲ್ಲಿ ಕ್ಯಾಲ್ಸಿಯಂ ಲವಣದಲ್ಲಿ ನೆನೆಸಿದ ಬೀಜ ಮೇಲೇಳುವುದೇನೋ ಹೌದು, ಆದರೆ ಬಸಿಗಾಲುವೆ ಇಲ್ಲದ ಚೌಳಿಗೆ ಬೀಜೋಪಚಾರವೊಂದೇ ಮದ್ದು ಎನ್ನುವುದು ಸುಳ್ಳು ಭರವಸೆ.

ಜೀವಾಣು, ಬೀಜಾಮೃತ

ಅಜೋಸ್ಪಿರಿಲಮ್, ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಟ್ರೈಕೋಡರ್ಮ ಇವನ್ನು ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸುತ್ತಾರೆ. ಹಲವು ಲೇಪಗಳಿದ್ದರೆ ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕೊನೆಗೆ ಜೀವಾಣು. ಈ ಅನುಕ್ರಮ ತಪ್ಪಬಾರದು. ಸುಭಾಷ್ ಪಾಳೇಕರರ ಪದ್ಧತಿಯ ಬೀಜಾಮೃತದಲ್ಲಿ 20 ಲೀಟರು ನೀರಿಗೆ 5 ಕಿಲೋ ಸೆಗಣಿ, 5 ಲೀಟರು ಗಂಜಲ, 50 ಗ್ರಾಂ ಸುಣ್ಣ, ಹಿಡಿ ಮಣ್ಣು ಸೇರುತ್ತವೆ. ಇದನ್ನು ಬಳಸಿದವರು ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿ ಸೆಗಣಿಯ ಪಾಲೆಷ್ಟು, ಬೀಜ ಒದ್ದೆಯಾದುದರ ಪಾಲೆಷ್ಟು ಎಂದು ಬೇರ್ಪಡಿಸಿ ನೋಡದೆ ಯಾವ ಕಡೆಗೂ ವಾದಿಸುವಂತಿಲ್ಲ.

ಅಪಾಯ ಮತ್ತು ಮಿತಿ

ಲೇಪಿಸಿದ ಬೀಜಕ್ಕೆ ಬಣ್ಣ ಹಾಕುವುದು ಅಂದಕ್ಕಲ್ಲ, ಎಚ್ಚರಿಕೆಗೆ. 1971ರ ಕೊನೆಯಲ್ಲಿ ಇರಾಕಿಗೆ ಪಾದರಸದ ಸಂಯುಕ್ತ ಲೇಪಿಸಿದ ಬಿತ್ತನೆ ಗೋಧಿ ಮತ್ತು ಬಾರ್ಲಿ ಬಂದಿಳಿಯಿತು. ಚೀಲಗಳ ಮೇಲಿನ ಎಚ್ಚರಿಕೆ ಅಲ್ಲಿನ ಹಳ್ಳಿಗರಿಗೆ ತಿಳಿಯದ ಭಾಷೆಗಳಲ್ಲಿತ್ತು. ಬರುವಷ್ಟರಲ್ಲಿ ಬಿತ್ತನೆಯ ಕಾಲ ಮೀರಿತ್ತು, ಮನೆಯಲ್ಲಿ ಹಸಿವಿತ್ತು. ಬಣ್ಣ ತೊಳೆದರೆ ವಿಷವೂ ಹೋಗುತ್ತದೆಂದು ಜನ ನಂಬಿ ರೊಟ್ಟಿ ಮಾಡಿ ತಿಂದರು. ಆಸ್ಪತ್ರೆ ಸೇರಿದವರು ಆರೂವರೆ ಸಾವಿರ, ಸರ್ಕಾರಿ ಲೆಕ್ಕದಲ್ಲೇ ಸತ್ತವರು 459 ಮಂದಿ. ಭಾರತದಲ್ಲೂ ಒಂದು ಕಾಲಕ್ಕೆ ಅಗ್ರೋಸಾನ್, ಸೆರೆಸಾನ್ ಎಂಬ ಪಾದರಸದ ಪುಡಿಗಳು ಬೀಜೋಪಚಾರದಲ್ಲಿ ಮಾಮೂಲಾಗಿದ್ದವು. ಈಗಿನ ಲೇಪಗಳು ಅಷ್ಟು ಘೋರವಲ್ಲ. ಆದರೆ ಒಂದು ರಾಜ್ಯದ ಭಾಷೆಯ ಚೀಟಿಯುಳ್ಳ ಪೊಟ್ಟಣ ಇನ್ನೊಂದು ಭಾಷೆ ಓದುವ ಮನೆಗೆ ಬರುವುದು ಗಡಿಸೀಮೆಯಲ್ಲಿ ದಿನನಿತ್ಯದ ಮಾತು. ಮಿಕ್ಕ ಬಣ್ಣದ ಬೀಜವನ್ನು ಕೋಳಿಗೂ ಎತ್ತಿಗೂ ಹಾಕಬಾರದು, ಬೀಸಲಂತೂ ಕೂಡದು.

ಕಂಪನಿಯ ಲೇಪಿತ ಬೀಜವನ್ನು ನೆನೆಸಲೂಬಾರದು. ನೆನೆಸಿದರೆ ಮದ್ದು ತೊಳೆದುಹೋಗುತ್ತದೆ, ಕೈಗೂ ನೀರಿಗೂ ವಿಷ. ಗದ್ವಾಲ್ ಹತ್ತಿಯ ಸಂಕರಣ ಬೀಜೋತ್ಪಾದನೆಗೆ ದೇಶದಲ್ಲೇ ಹೆಸರಾದ ಊರು. ಇಡೀ ದೇಶಕ್ಕೆ ಬೀಜ ಕಳಿಸುವ ಈ ಸೀಮೆಯಲ್ಲಿ ಜೋಳ-ಸಜ್ಜೆಯ ಮನೆಬೀಜ ಕಡಿಮೆಯಾಗುತ್ತ ಬಂದಿರುವುದು ವಿಚಿತ್ರ. ಮನೆಬೀಜ ಹೋದಲ್ಲಿ ನೆನೆಸುವ ವಿದ್ಯೆಗೂ ಕೆಲಸವಿಲ್ಲ.

ಮಳೆಗೆ ಮುನ್ನ ಒಣಮಣ್ಣಿನಲ್ಲಿ ಬಿತ್ತುವವರು ನೆನೆಸಿದ ಒದ್ದೆ ಬೀಜ ಹಾಕಬಾರದು. ಶುರುವಾದ ಜೀವಕ್ರಿಯೆ ಬಿಸಿಮಣ್ಣಿನಲ್ಲಿ ಅರ್ಧಕ್ಕೇ ನಿಂತು ಬೀಜ ಕೆಡುತ್ತದೆ. ನೆನೆಸಿ ಒಣಗಿಸಿದ ಬೀಜವನ್ನು ಬಹುದಿನ ಇಡುವಂತೆಯೂ ಇಲ್ಲ, ಅದರ ಆಯುಷ್ಯ ಮಾಮೂಲು ಬೀಜಕ್ಕಿಂತ ಕಡಿಮೆ. ನೆರಳಿಗೆ ಬದಲು ಬಿಸಿಲಲ್ಲಿ ಒಣಗಿಸುವುದು ಸಾಮಾನ್ಯವಾಗಿ ಆಗುವ ಕೇಡು. ಕೆಟ್ಟ ಬೀಜವನ್ನು ಯಾವ ಉಪಚಾರವೂ ಒಳ್ಳೆಯದಾಗಿಸದು. ಪ್ರಮಾಣಿತ ಬೀಜಕ್ಕೆ ಸರ್ಕಾರ ವಿಧಿಸಿರುವ ಕನಿಷ್ಠ ಮೊಳಕೆ ಜೋಳ, ಸಜ್ಜೆಗಳಿಗೆ ಶೇಕಡ 75, ಭತ್ತಕ್ಕೆ ಶೇಕಡ 80. ಮನೆಬೀಜದಲ್ಲಿ ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಣಿಸಿದರೆ ಅದರ ಯೋಗ್ಯತೆ ತಿಳಿಯುತ್ತದೆ.

ಮಾಲದಂಡಿಯ ಮನೆಬೀಜವಿರುವ ಎರೆ ಹೊಲದ ರೈತರು ಬರುವ ಹಿಂಗಾರಿಯಲ್ಲಿ ಒಂದು ಎಕರೆಯನ್ನು ಎರಡು ಮಾಡಿ, ಅರ್ಧಕ್ಕೆ ನೆನೆಸಿ ಒಣಗಿಸಿದ ಬೀಜ, ಅರ್ಧಕ್ಕೆ ಹಾಗೇ ಇಟ್ಟ ಬೀಜವನ್ನು ಒಂದೇ ದಿನ, ಒಂದೇ ಕೂರಿಗೆಯಲ್ಲಿ ಬಿತ್ತಿ ನೋಡಲಿ. ಹದಿನೈದನೆಯ ದಿನ ಎರಡೂ ಕಡೆಯ ಪೈರು ಎಣಿಸಲಿ.